ಸುರಪುರದ ಏರಿನಲ್ಲಿ ಮೂರನೆಯ ಹಾಡು

ಬಸವಂತ್ರಾಯನಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ತಿಳಿದ ದಿನ ನಾನು ಹೊಟ್ಟೆ ತುಂಬ ಉಂಡೆ. ತಮ್ಮ ಸತ್ತ ಮೇಲೆ ಅಷ್ಟು ರುಚಿಯಾಗಿ ಉಂಡದ್ದು ಅದೇ ಮೊದಲು.

ತಮ್ಮ ಬುದ್ಧಪ್ರಿಯ ರಾಕ್ ಹಾಡುಗಾರ. ಊರವರಿಗೆ ಅವನ ಗಿಟಾರ್ ಎಂದರೆ ತಲೆನೋವು. ದೇವಾಪುರ, ಹತ್ತಿಕುಣಿ ಕಡೆಯ ಜೀಪು ಚಾಲಕರಿಗೆ ಮಾತ್ರ ಹುಚ್ಚು. ಒಂದು ಪೆನ್‌ಡ್ರೈವ್‌ನಿಂದ ಇನ್ನೊಂದಕ್ಕೆ ಅವನ ಹಾಡು ಹೋಗುತ್ತಿತ್ತು. ಕಾಮಾಲೆಯಲ್ಲಿ ಅವನು ತೀರಿಕೊಂಡ ಮೇಲೆ ದೇವಾಪುರದ ಜೀಪು ಚಾಲಕ ಮನ್ಸೂರಅಲಿ, ಗಾಡಿ, ದಾರಿ, ಗೇರ್‌ಗಳ ಮಾತು ಬರುವ ಹನ್ನೊಂದು ಹಾಡು ಆರಿಸಿ 'ಗಾಡಿ ಹೊಡಿಯೋ ಹಾಡು' ಎಂಬ ಪ್ಲೇಲಿಸ್ಟ್ ಮಾಡಿ ನೆಟ್ಟಿಗೆ ಹಾಕಿದ. ಲಕ್ಷಗಟ್ಟಲೆ ಜನ ಕೇಳಿದರು. ಆಗ ಎದ್ದು ಬಂದ ಬಸವಂತ್ರಾಯ, ಯಾದಗಿರಿಯಲ್ಲಿ ಆ ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟಿದ್ದ ಸ್ಟುಡಿಯೋದವನು.

"ಬರದಾಂವ ನಾನು, ರಾಗ ಹಾಕಿದಾಂವ ನಾನು. ಅಂವಂದು ಬರೇ ದನಿ," ಎಂದು ಎಲ್ಲ ಕಡೆ ಹೇಳಿಕೊಂಡ. ತಮ್ಮನೋ ಕಾಗದದ ಮೇಲೆ ಒಂದಕ್ಷರ ಬರೆದಿಟ್ಟವನಲ್ಲ; ತೋರಿಸಲು ಪುರಾವೆಯಿಲ್ಲ. ಸತ್ತವನ ಬಾಯಿಂದಲೂ ಕಿತ್ತುಕೊಂಡ ಕಳ್ಳನನ್ನು ನಾನು ಬಿಡುವವಳಲ್ಲ.

ಆ ಹಾಡುಗಳು ಹುಟ್ಟಿದ್ದು ನನ್ನ ಕಾರಿನಲ್ಲಿ. ಶಹಾಪುರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ತಮ್ಮನಿಗೆ ನಾನೇ ಕಲಿಸಿದೆ; ಬೈದದ್ದನ್ನೆಲ್ಲ ಅವನು ಹಾಡು ಮಾಡಿದ. ಮೂರನೆಯದಂತೂ ಪೂರಾ ನನ್ನ ಮಾತೇ: "ಕ್ಲಚ್ ಅರ್ಧ ಬಿಡು, ಗಾಡಿ ನಡುಗಲಿ, ಆಮ್ಯಾಲ ಬ್ರೇಕ್ ಬಿಡು ತಮ್ಮಾ." ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದಂತೆ ಎತ್ತುವ ಪಾಠ ಅದು.

ಸುರಪುರದ ಏರಿನಲ್ಲಿ ಕಾರು ಹೊಡೆಯುವಾಗ ತನಗೆ ಹೊಳೆದ ಸಾಲು ಅದು ಎಂದು ಬಸವಂತ್ರಾಯ ಸಂದರ್ಶನ ಕೊಟ್ಟ. ಹಾಗಾದರೆ ಅಲ್ಲೇ ಹೊಡೆದು ತೋರಿಸಿ, ಲೈವ್ ಬಿಡುತ್ತೇನೆ ಎಂದು ಮನ್ಸೂರಅಲಿ ಬೆನ್ನುಬಿದ್ದ. ಒಪ್ಪದೆ ಗತಿಯಿಲ್ಲ. ಯಾದಗಿರಿಯಲ್ಲಿ ಕಾರು ಕಲಿತರೆ ಮಾನ ಹೋಗುತ್ತದೆಂದು ಅವನು ಶಹಾಪುರಕ್ಕೆ, ಸೀದಾ ನನ್ನ ಬಳಿಗೇ ಬಂದ.

"ಹತ್ತು ದಿನದಾಗ ಕಲಸ್ರಿ ಮೇಡಮ್ಮರ. ಯಾರ ಮುಂದನೂ ಹೇಳಬ್ಯಾಡ್ರಿ."

"ನಾ ಯಾಕ ಹೇಳಲ್ರಿ," ಎಂದೆ. ನಾನು ಯಾರೆಂಬುದನ್ನೂ ಹೇಳಲಿಲ್ಲ.

ಹತ್ತು ದಿನವೂ ಸಮತಟ್ಟಾದ ರಸ್ತೆಯಲ್ಲೇ ಕಲಿಸಿದೆ. ಏರಿನ ಪಾಠ ಯಾವಾಗ ಎಂದು ಕೇಳಿದ. "ಅದು ನಿಮ್ಮ ಹಾಡಿನಾಗ ಐತಲ್ರಿ," ಎಂದೆ. ಅವನಿಗೂ ಹೌದೆನ್ನಿಸಿತು.

ಲೈವ್ ದಿನ ನನ್ನ ಕಾರನ್ನೇ ಕೇಳಿ ಪಡೆದು, ಅದರ ಮೇಲಿನ ಸ್ಕೂಲಿನ ಬೋರ್ಡು ಬಿಚ್ಚಿಸಿದ. ಧೈರ್ಯ ಸಾಲದೆ ನನ್ನನ್ನು ಎಡಗಡೆ ಕೂರಿಸಿಕೊಂಡ. ಕಲಿಸುವ ಕಾರಿನಲ್ಲಿ ಆ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಹಿಂದೆ ಫೋನು ಹಿಡಿದು ಕೂತ ಮನ್ಸೂರಅಲಿಗೆ, "ನಮ್ಮ ಸಂಬಂಧಿಕರು," ಎಂದು ನನ್ನನ್ನು ಪರಿಚಯಿಸಿದ. ಮೈಯೆಲ್ಲ ಉರಿಯಿತು. ಆದರೂ ನಕ್ಕೆ.

ಸುರಪುರದ ಏರಿನ ನಟ್ಟನಡುವೆ ನಾನು ಬ್ರೇಕ್ ಒತ್ತಿದೆ. ಕಾರು ನಿಂತಿತು. ಮೂರನೆಯ ಹಾಡು ಹಚ್ಚಿದೆ.

"ಈಗ ಗಾಡಿ ಎತ್ರಿ."

ಚಾಲೂ ಮಾಡಿದ. ಕಾರು ಹಿಂದಕ್ಕೆ ಜಾರಿತು, ನಾನು ತಡೆದೆ. ಮತ್ತೆ ಮಾಡಿದ, ಮತ್ತೆ ಜಾರಿತು. ಸ್ಪೀಕರಿನಲ್ಲಿ ತಮ್ಮ ಬಿಡಿಸಿ ಬಿಡಿಸಿ ಹೇಳುತ್ತಿದ್ದ; ಇವನ ಕಾಲಿಗೆ ಒಂದೂ ತಿಳಿಯುತ್ತಿರಲಿಲ್ಲ.

"ಸಾಹೇಬ್ರ, ಹಾಡಿನಾಗ ನೀವೇ ಬರದಂಗ ಮಾಡ್ರಿ," ಎಂದ ಮನ್ಸೂರಅಲಿ. ಜೀಪಿನವನಿಗೆ ಎಲ್ಲ ಅರ್ಥವಾಗಿತ್ತು.

ಬಸವಂತ್ರಾಯನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಬ್ರೇಕ್ ಮ್ಯಾಲ ನನ್ನ ಕಾಲು ಐತಿ," ಎಂದೆ. "ನಾ ಭಾಗ್ಯ, ಬುದ್ಧಪ್ರಿಯನ ಅಕ್ಕ. ಈ ಹಾಡು ಯಾರದು ಅಂತ ಈಗ ನೀನೇ ಹೇಳು."

ತನ್ನ ಕಾಲಡಿಯೂ ಒಂದು ಬ್ರೇಕಿರುವುದನ್ನು ಗಾಬರಿಯಲ್ಲಿ ಮರೆತು, ಅವನು ಕನ್ನಡಿಯಲ್ಲಿ ಹಿಂದಿನ ಇಳಿಜಾರು ನೋಡಿದ. ಕಾಲು ತೆಗೆದುಬಿಡಬೇಕೆಂದು ನನಗೆ ನಿಜವಾಗಿಯೂ ಅನ್ನಿಸಿತು. ಹಿಂದೆ ಮನ್ಸೂರಅಲಿ ಕೂತಿದ್ದ, ಅದಕ್ಕೆ ತೆಗೆಯಲಿಲ್ಲ.

"ಬುದ್ಧಪ್ರಿಯಂದು," ಎಂದ ಬಸವಂತ್ರಾಯ.

"ಎಷ್ಟು?"

"ಹನ್ನೊಂದೂ ಅಂವನವೇ. ನಾ ಒಂದೂ ಬರದಿಲ್ಲ."

ಫೋನಿನಲ್ಲಿ ಲೈವ್ ನೋಡುತ್ತಿದ್ದ ಅಷ್ಟೂ ಜನ ಕೇಳಿಸಿಕೊಂಡರು. ಹ್ಯಾಂಡ್‌ಬ್ರೇಕ್ ಎಳೆದು ಅವನನ್ನು ಇಳಿಸಿದೆ. ಬಿಸಿಲಲ್ಲಿ ನಡೆದೇ ಹೋಗಲಿ.

ಅವನ ಜಾಗಕ್ಕೆ ಬಂದು ಸ್ಟೀರಿಂಗ್ ಹಿಡಿದು ಕೂತೆ. ಹಾಡು ಇನ್ನೂ ನಡೆದಿತ್ತು. ಕ್ಲಚ್ ಅರ್ಧ ಬಿಟ್ಟೆ, ಗಾಡಿ ನಡುಗಿತು. "ಆಮ್ಯಾಲ ಬ್ರೇಕ್ ಬಿಡು ತಮ್ಮಾ," ಎಂದು ನನ್ನ ಮಾತನ್ನು ತಮ್ಮ ನನಗೇ ಹೇಳಿದ.

"ಬಿಟ್ಟೆನೋ ತಮ್ಮಾ," ಎಂದೆ. ಏರು ಮುಗಿಯುವವರೆಗೂ ನನ್ನ ಅಳು ನಿಲ್ಲಲಿಲ್ಲ.