ತಮ್ಮನ ಕೈಯಲ್ಲಿದ್ದ ಕೀಲಿ

ಬ್ಯಾಂಕಿನಿಂದ ಹೊರಗೆ ಬಂದವನೇ ಕಾಯಿನಣ್ಣ ಮೆಟ್ಟಿಲ ಪಕ್ಕಕ್ಕೆ ಥೂ ಎಂದು ಉಗಿದ. ದಾರದಲ್ಲಿ ಕಟ್ಟಿಹಾಕಿದ ಪೆನ್ನು, ಗಾಜಿನ ಹಿಂದೆ ಉಗುರು ಕೆರೆದುಕೊಳ್ಳುತ್ತ ಕೂತ ಗುಮಾಸ್ತ, ಅವನ ಎಣ್ಣೆ ಮೆತ್ತಿದ ನಗು. ಸಾಲ ಕೇಳಿದರೆ ಆ ಪುಣ್ಯಾತ್ಮ ಹೇಳಿದ್ದೇನು? “ನಿಮ್ಮ ಖಾತೆ ಎರಡು ವರ್ಷದಿಂದ ಗೊರಕೆ ಹೊಡೀತಾ ಇದೆ ಸರ್. ಯಾವ ಧೈರ್ಯದ ಮೇಲೆ ಕೊಡೋಣ?”

ಗೊರಕೆ ಹೊಡೆಯದೆ ಏನು ಮಾಡುತ್ತದೆ? ಉಳಿಸಿದ್ದನ್ನೆಲ್ಲ ಕಾಯಿನಣ್ಣ ಕ್ರಿಪ್ಟೊ ಕಾಯಿನ್ನಿಗೆ ಸುರಿದಿದ್ದ. ಫ್ರಿಜ್ ರಿಪೇರಿ ಅವನ ಕಸುಬು. ಕರೆಂಟು ಹೋಗಿ ವಾರಗಟ್ಟಲೆ ಮುಚ್ಚಿಟ್ಟ ಫ್ರಿಜ್ಜಿನ ಬಾಗಿಲು ತೆರೆದಾಗ ಬರುವ ನಾತಕ್ಕೆ ಅವನ ಮೂಗು ಪಳಗಿತ್ತು. ಬ್ಯಾಂಕಿನ ನಾತಕ್ಕೆ ಮಾತ್ರ ಪಳಗಲೇ ಇಲ್ಲ. ಕಂಪ್ರೆಸರ್ ಬಿಚ್ಚುವಾಗಲೂ ಅದೇ ಭಾಷಣ: “ಸಂಬಳದವನು ಗುಲಾಮ. ಆ ಸಂಬಳಾನ ಬ್ಯಾಂಕಲ್ಲಿ ಇಡೋನು ಗುಲಾಮನಿಗೆ ಗುಲಾಮ. ಯಾರಪ್ಪನ ಅಪ್ಪಣೆಯೂ ಇಲ್ಲದೆ ನನ್ನ ದುಡ್ಡು ನನ್ನ ಜೇಬಲ್ಲಿ ಇರೋದೇ ಸ್ವಾತಂತ್ರ್ಯ.” ಕೇಳಿ ಕೇಳಿ ಕಿವಿ ತೂತಾದ ಜೊತೆಗಾರರು ಅವನಿಗೆ ಕಾಯಿನಣ್ಣ ಎಂದೇ ಹೆಸರಿಟ್ಟರು.

ಅವನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವನು ಒಬ್ಬನೇ, ಬೆನ್ನಿಗೆ ಬಿದ್ದ ತಮ್ಮ. ಮಹಡಿಯ ಕೋಣೆಯಲ್ಲಿ ಪ್ಯಾಂಟು ಕುಗ್ಗಿಸಿ, ಜಿಪ್ಪು ಬದಲಿಸಿ ಬದುಕುವ ದರ್ಜಿ. ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟಿದ್ದ ದುಡ್ಡನ್ನು ಅಣ್ಣನ ಮಾತಿಗೆ ಕಟ್ಟುಬಿದ್ದು ಅದೇ ಕಾಯಿನ್ನಿಗೆ ಹಾಕಿದ್ದ. ಬೆಲೆ ಬಿದ್ದಾಗ ಇಬ್ಬರಲ್ಲಿ ಯಾರೂ ಹೆದರಿ ಮಾರಬಾರದೆಂದು ಕಾಯಿನಣ್ಣನೇ ಒಂದು ಉಪಾಯ ಮಾಡಿದ್ದ. ಪ್ರತಿಯೊಬ್ಬನ ದುಡ್ಡಿಗೂ ಎರಡೆರಡು ಕೀಲಿ, ಅಂದರೆ ಫೋನಿನಲ್ಲಿ ಒತ್ತುವ ಒಪ್ಪಿಗೆ. ಒಂದು ದುಡ್ಡು ಹಾಕಿದವನ ಫೋನಿನಲ್ಲಿ, ಇನ್ನೊಂದು ಮತ್ತೊಬ್ಬನ ಫೋನಿನಲ್ಲಿ. ಎರಡೂ ಒತ್ತಿದರೆ ಮಾತ್ರ ಮಾರಾಟ. “ನಾನೇ ಬಂದು ಕಾಲಿಗೆ ಬಿದ್ದರೂ ಒತ್ತಬೇಡ. ಬಿದ್ದಾಗ ಮಾರೋನು ಹೇಡಿ,” ಎಂದು ತಮ್ಮನಿಂದ ಆಣೆ ಮಾಡಿಸಿಕೊಂಡಿದ್ದ.

ಈಗ ಬೆಲೆ ಅರ್ಧಕ್ಕೆ ಬಿದ್ದಿತ್ತು. ಬೆಳಿಗ್ಗೆ ಅವನು ಕೆಲಸ ಮಾಡುವ ವರ್ಕ್‌ಶಾಪಿನ ಯಜಮಾನ ಕರೆದು ಹೇಳಿದ್ದ: “ಮಂಡಿನೋವಿಗೆ ನಿಲ್ಲೋಕೇ ಆಗ್ತಿಲ್ಲ ಮಾರಾಯ, ಈ ವರ್ಕ್‌ಶಾಪನ್ನ ಮಾರ್ತಿದೀನಿ. ಹಾಸಿಗೆ ಅಂಗಡಿಯವನು ಸಂಜೆ ಮುಂಗಡ ತರ್ತಾನೆ. ಅಷ್ಟರೊಳಗೆ ನೀನು ತಂದರೆ ನಿನಗೇ. ಇಲ್ಲಾಂದ್ರೆ ನಿನ್ನ ಸಾಮಾನು ಎತ್ಕೋಬೇಕಾಗುತ್ತೆ.” ಹಾಸಿಗೆ ಅಂಗಡಿಯವನಿಗೆ ಬೇಕಾಗಿದ್ದು ಖಾಲಿ ಗೋದಾಮು, ಅಲ್ಲಿ ಫ್ರಿಜ್ ರಿಪೇರಿಯವನಿಗೆ ಏನು ಕೆಲಸ?

ಕಾಯಿನಣ್ಣ ಏದುಸಿರು ಬಿಡುತ್ತ ಮಹಡಿ ಹತ್ತಿದ. ತಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕತ್ತರಿ ಹಿಡಿದು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದ.

“ಫೋನ್ ತೆಗಿ. ಕೀಲಿ ಒತ್ತು.”

ತಮ್ಮ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದ. “ಯಾವ ಕೀಲಿ?”

“ನಾಟಕ ಆಡಬೇಡ. ನನ್ನ ಕಾಯಿನ್ ಮಾರಬೇಕು. ಸಂಜೆಯೊಳಗೆ ಮುಂಗಡ ಕೊಡದಿದ್ರೆ ವರ್ಕ್‌ಶಾಪು ಹಾಸಿಗೆ ಅಂಗಡಿಯವನ ಪಾಲಾಗುತ್ತೆ.”

“ಒತ್ತಲ್ಲ.”

“ಏನಂದೆ?”

“ಒತ್ತಲ್ಲ ಅಣ್ಣ. ಬಿದ್ದಾಗ ಮಾರೋನು ಹೇಡಿ. ಗೋಡೆ, ಶಟರು ಎಲ್ಲಾ ಗುಲಾಮರ ಆಸ್ತಿ. ನೀನೇ ಹೇಳಿದ್ದು.” ತಮ್ಮನ ಮುಖದಲ್ಲಿ ವ್ಯಂಗ್ಯ ಇರಲಿಲ್ಲ. ಪಾಠ ಒಪ್ಪಿಸುವ ಹುಡುಗನ ಶ್ರದ್ಧೆಯಿತ್ತು. “ನಿನಗೆ ಈಗ ಭಯ ಹಿಡಿದಿದೆ. ನಾಳೆ ನನಗೆ ಥ್ಯಾಂಕ್ಸ್ ಹೇಳ್ತೀಯ.”

ಕಾಯಿನಣ್ಣನಿಗೆ ಮೈಯೆಲ್ಲ ಉರಿಯಿತು. ತಾನು ಅಗಿದು ಉಗಿದ ಮಾತನ್ನು ಯಾರೋ ತಟ್ಟೆಗೆ ಹಾಕಿ ತಿನ್ನು ಎಂದು ಮುಂದೆ ತಳ್ಳಿದ ಹಾಗಾಯಿತು. ಎಷ್ಟು ಅಸಹ್ಯವಾಗಿದೆ ಈ ಮಾತು! ಇದನ್ನೇ ಅಲ್ಲವೇ ತಾನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದು? ಸತ್ಯ ಹೇಳಿಬಿಡಲೇ ಎನಿಸಿತು. ಏರುತ್ತದೋ ಇಳಿಯುತ್ತದೋ ನನಗೇನು ಗೊತ್ತು, ಸಂಬಳದವರ ಮೇಲಿನ ಹೊಟ್ಟೆಕಿಚ್ಚಿಗೆ ಬೊಗಳಿದೆ ಎನ್ನಲೇ? ಹಾಗೆ ಹೇಳಿದರೆ ತಮ್ಮನ ಹೊಲಿಗೆ ಯಂತ್ರದ ದುಡ್ಡಿನ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಗೋಡೆ ಗಡಿಯಾರದ ಮುಳ್ಳು ಇಳಿಯುತ್ತಲೇ ಇತ್ತು.

ಸ್ವರ ತಗ್ಗಿಸಿದ. ಬೆಣ್ಣೆ ಹಚ್ಚಿದ. “ನೋಡು ತಮ್ಮ, ನಿಂದು ಇರಲಿ. ನಿಂದು ಏರೇ ಏರುತ್ತೆ, ಅದರಲ್ಲಿ ಎರಡು ಮಾತಿಲ್ಲ. ನಂದಷ್ಟೇ ಮಾರ್ತೀನಿ. ನನ್ನ ಗ್ರಹಚಾರ ಅಂದ್ಕೋ.”

ಹೇಳುತ್ತಿದ್ದಂತೆ ಗಾಜಿನ ಹಿಂದಿನ ಗುಮಾಸ್ತನ ನಗು ಈಗ ತನ್ನ ಮುಖದ ಮೇಲೆಯೇ ಅಂಟಿಕೊಂಡಿದೆ ಎನಿಸಿತು.

ತಮ್ಮ ಫೋನು ತೆಗೆದ. “ನನ್ನದಕ್ಕೆ ಏನೂ ಆಗಲ್ಲ ಅಂತೀಯಲ್ಲ, ಹಾಗಾದ್ರೆ ಸರಿ,” ಎಂದು ಒತ್ತಿದ. ಅಣ್ಣನೂ ತನ್ನ ಕೀಲಿ ಒತ್ತಿದ, ಮಾರಾಟವಾಯಿತು. ಹಾಕಿದ್ದರಲ್ಲಿ ಅರ್ಧ ಬಂತು, ಮುಂಗಡಕ್ಕೆ ಸಾಕಿತ್ತು.

ಕಾಯಿನಣ್ಣ ಬಾಗಿಲ ಕಡೆ ತಿರುಗಿದ್ದ. ತಮ್ಮನ ದನಿ ಹಿಂದಿನಿಂದ ಬಂತು. “ಅಣ್ಣ, ಅಗ್ಗಕ್ಕೆ ಸಿಗ್ತಿದೆ ಅಲ್ವಾ? ಈ ಕೋಣೆಯ ಬಾಡಿಗೆಗೆ ಅಂತ ಎತ್ತಿಟ್ಟ ದುಡ್ಡಿದೆ. ನೀನು ಮಾರಿದ್ದನ್ನ ನಾನೇ ತಗೊಂಡುಬಿಡಲಾ?”

“ಬೇಡ!”

ಕಿರುಚಿದ ರಭಸಕ್ಕೆ ತಮ್ಮನ ಕೈಯಿಂದ ಕತ್ತರಿ ಜಾರಿತು. ಕಾಯಿನಣ್ಣ ಒಂದೇ ಹೆಜ್ಜೆಗೆ ಬಂದು ಅವನ ಫೋನು ಕಿತ್ತುಕೊಂಡ. “ಕತ್ತೆ! ಯಾರು ಏನು ಹೇಳಿದ್ರೂ ನಂಬಿಬಿಡೋದಾ? ಏರುತ್ತೆ ಅಂತ ನನಗೆ ಬಂದು ಯಾರಾದ್ರೂ ಕಿವೀಲಿ ಹೇಳಿದಾರಾ? ನಂಗೊತ್ತಿಲ್ಲ! ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ!”

ತಮ್ಮ ಬಗ್ಗಿ ಕತ್ತರಿ ಎತ್ತಿಕೊಂಡ. ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಮೋಟುಬಟ್ಟೆ ತಂದು ಪೂರ್ತಿ ಸೂಟು ಹೊಲಿದುಕೊಡು ಎನ್ನುವ ಗಿರಾಕಿಯನ್ನು ನೋಡುವ ಹಾಗೆ. ಕೈ ಚಾಚಿ ಫೋನು ವಾಪಸು ಇಸಿದುಕೊಂಡ. ಏನನ್ನೋ ಒತ್ತಿದ. ಕಾಯಿನಣ್ಣನ ಜೇಬಿನಲ್ಲಿ ಫೋನು ಗುಯ್ ಎಂದಿತು.

“ನಂದೂ ಮಾರಾಟಕ್ಕೆ ಹಾಕಿದೀನಿ. ಇನ್ನೊಂದು ಕೀಲಿ ನಿನ್ನ ಹತ್ತಿರ ಇದೆ. ಒತ್ತು.”

“ಅರ್ಧಾನೇ ಬರೋದು…”

“ಒತ್ತು ಅಂದೆ.”

ಕಾಯಿನಣ್ಣ ಒತ್ತಿದ. ಬೆರಳಿನ ಗ್ರೀಸು ಪರದೆಗೆ ಮೆತ್ತಿಕೊಂಡಿತು.

“ಹೊರಡಿ. ನಿಮ್ಮ ಹಾಸಿಗೆಯವನು ಬಂದುಬಿಡ್ತಾನೆ,” ಎಂದ ತಮ್ಮ, ಹೊರಗಿನವರಿಗೆ ಹೇಳುವಂತೆ ಬಹುವಚನದಲ್ಲಿ. ಗುಂಡುಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಕೋಟಿನ ತೋಳಿಗೆ ಬಗ್ಗಿದ.