ಬುಧವಾರದ ಕೆಂಪು ಚುಕ್ಕಿ

ಶರ್ವರಿಯ ಶಾಲೆಯಿಂದ ಬಂದ ಪತ್ರ ಮೇಜಿನ ಮೇಲಿತ್ತು. ತಿಂಗಳ ಕೊನೆಗೆ ಆಪ್ತಸಮಾಲೋಚಕಿಯಾದ ನನ್ನ ವರದಿ ಬೇಕು. ಸುಧಾರಣೆ ಕಾಣದಿದ್ದರೆ ಟಿ.ಸಿ. ಕೊಟ್ಟು ಕಳಿಸುತ್ತಾರೆ. ಹದಿನಾಲ್ಕರ ಹುಡುಗಿ, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಒಗೆಯುತ್ತಾಳೆ, ಯಾರ ಮಾತೂ ಕೇಳುವುದಿಲ್ಲ. ಪ್ರತಿ ಬುಧವಾರ ಶಾಲೆ ಬಿಟ್ಟ ಕೂಡಲೇ ಅವಳ ಅಜ್ಜಿ ಜಿನಮತಿಯವರು ಅವಳನ್ನು ಖಾನಾಪುರದಿಂದ ಬಸ್ಸು ಹತ್ತಿಸಿ, ಜಿಲ್ಲಾಕೇಂದ್ರದ ಸದಾಶಿವನಗರದಲ್ಲಿದ್ದ ನನ್ನ ಕೋಣೆಗೆ ಕರೆತರುತ್ತಿದ್ದರು. ಐದೂವರೆಗೆ ನಮ್ಮ ಮಾತುಕತೆ.

ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಲು ಹೇಳಿದ್ದೆ. ಶಾಂತವಾಗಿ ಕಳೆದ ದಿನಕ್ಕೆ ಹಸಿರು ಚುಕ್ಕಿ, ರಂಪವಾದ ದಿನಕ್ಕೆ ಕೆಂಪು. ಐದನೇ ವಾರ ಅಜ್ಜಿ ಅದನ್ನು ತಂದು ನನ್ನ ಮುಂದೆ ಬಿಡಿಸಿದರು. ಹಸಿರೇ ಹೆಚ್ಚಿತ್ತು. ಆದರೆ ಬುಧವಾರಗಳೆಲ್ಲ ಕೆಂಪು.

ಅಂದರೆ ನನ್ನ ಹತ್ತಿರ ಬಂದ ದಿನವೇ ಹುಡುಗಿ ಕೆರಳುತ್ತಿದ್ದಳು. ಹಗಲು ಕಚೇರಿ ಕೆಲಸ ಮಾಡಿ, ಸಂಜೆ ತರಗತಿಯಲ್ಲಿ ಈ ವಿದ್ಯೆ ಕಲಿತವಳು ನಾನು. ಇವಳನ್ನು ದೊಡ್ಡ ಡಾಕ್ಟರಿಗೆ ಒಪ್ಪಿಸಿಬಿಡುವುದೇ ಸರಿ ಅನ್ನಿಸಿತು. ಹಾಗೆ ಹೇಳುವ ಮೊದಲು, ಬುಧವಾರ ಮನೆ ಮುಟ್ಟಿದ ಮೇಲೆ ಏನಾಗುತ್ತದೆ ಎಂದು ಕೇಳಿದೆ.

ಅಜ್ಜಿ ಮಡಿಲಲ್ಲಿದ್ದ ಚೀಲವನ್ನು ಸರಿಮಾಡಿಕೊಂಡರು. "ಹಸದಿರತಾಳ್ರಿ. ದಶಲಕ್ಷಣ ಪರ್ವದಾಗ ನನ್ನ ಜೋಡಿ ಬಸದಿಗೆ ಬಂದು, ಹೊತ್ತು ಮುಳಗಿದ ಮ್ಯಾಲ ಉಣ್ಣಂಗಿಲ್ಲ ಅಂತ ನೇಮಾ ತಗೊಂಡಾಳ. ಇಲ್ಲಿಂದ ಹೊಂಡೂದರಾಗ ಕತ್ತಲಾಗಿರತೈತಿ. ಒಂದಿನ ಉಂಡ್ರ ನಡೀತೈತಿ ಅಂದ್ರೂ ಕೇಳಂಗಿಲ್ಲ."

"ಮೊದಲ ಯಾಕ ಹೇಳಲಿಲ್ರಿ ಅಜ್ಜಿ?"

"ಡಾಕ್ಟರ ಮಂದಿ ಕೊಟ್ಟ ಟೈಮಿಗೆ ಎದುರಾಡಬಾರದಲ್ರಿ."

ನಾನು ಡಾಕ್ಟರಲ್ಲ. ಮೊದಲ ದಿನದ ಮಾಹಿತಿ ಹಾಳೆಯಲ್ಲಿ 'ಊಟ' ಎಂಬುದರ ಮುಂದೆ 'ಸರಿ ಇದೆ' ಎಂದು ಬರೆದಿದ್ದವಳೂ ನಾನೇ. ಜೈನ ಮನೆಗಳ ನಡುವೆಯೇ ಬೆಳೆದಿದ್ದರೂ ಹೊಳೆದಿರಲಿಲ್ಲ. ಯಾರ ಮಾತೂ ಕೇಳದವಳು ನಾಲ್ಕು ಬುಧವಾರ, ಮಧ್ಯಾಹ್ನದಿಂದ ಮರುದಿನದ ಬೆಳಗಿನವರೆಗೆ, ತನ್ನ ಮಾತನ್ನು ತಾನೇ ಕಾಯ್ದುಕೊಂಡಿದ್ದಳು.

ಕಿಟಕಿಯಾಚೆ ಇನ್ನೂ ಬಿಸಿಲಿತ್ತು. ಚೀಲದಲ್ಲಿ ಡಬ್ಬಿ ಇದ್ದರೆ ಮೊದಲು ಬಿಚ್ಚಿ ಎಂದೆ. ಅಜ್ಜಿ ಪ್ರತಿ ವಾರವೂ ಚಪಾತಿ, ಪಲ್ಯ ಹೊತ್ತು ತಂದು, ಬಸ್ಸಿನ ನೂಕುನುಗ್ಗಲಲ್ಲಿ ಬಿಚ್ಚಲಾಗದೆ, ನನ್ನ ಕೋಣೆಯಲ್ಲಿ ಬಿಚ್ಚಲು ಸಂಕೋಚಪಟ್ಟು, ಹಾಗೆಯೇ ಹೊತ್ತೊಯ್ಯುತ್ತಿದ್ದರಂತೆ.

ಶರ್ವರಿ ಬಾಯಿತುಂಬ ಚಪಾತಿ ಇಟ್ಟುಕೊಂಡೇ ಅಂದಳು, "ಹ್ವಾದ ವಾರ ನಿಮ್ಮ ಮುಖಾ ನನಗ ಹೋಳಿಗಿ ಕಂಡಂಗ ಕಂಡಿತ್ರಿ ಮೇಡಂ."

ಆ ಬುಧವಾರ ಹಸಿರು ಚುಕ್ಕಿ ಬಿತ್ತು. ಒಂದು ಚುಕ್ಕಿಯನ್ನು ನಂಬಬಾರದೆಂದು ನನಗೆ ಗೊತ್ತು. ಮುಂದಿನ ವಾರವೂ ಹಸಿರೇ ಬಂದಾಗ ವರದಿ ಬರೆದೆ. ಸಮಯ ಕೊಡುವಲ್ಲಿ ತಪ್ಪು ನನ್ನದು, ಹುಡುಗಿ ಹಸಿದಿದ್ದಳು, ಇನ್ನಷ್ಟು ಅವಕಾಶ ಕೊಡಿ ಎಂದು. ಕಳಿಸುವ ಮೊದಲು ಅವಳಿಗೇ ಓದಲು ಕೊಟ್ಟೆ.

ಅವಳು ಎರಡು ಸಲ ಓದಿದಳು. "ಬರೇ ಹಸಿವಿ ಅಂತ ಬರೀಬ್ಯಾಡ್ರಿ. ಅಜ್ಜಿ ಕಡೆ ಭಗೋಣಿ ಒಗದಾಕಿ ನಾನ. ಅದನ್ನೂ ಬರೀರಿ."

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಪಾತ್ರೆಗೆ ಏನೂ ಆಗಿಲ್ಲವೆಂದರು. ನಾನು ಅವಳ ಮಾತನ್ನು ಅವಳದೇ ಎಂದು ಹೇಳಿ ಕೊನೆಗೆ ಸೇರಿಸಿದೆ.

ಶಾಲೆಯವರು ಪರೀಕ್ಷೆ ಮುಗಿಯುವವರೆಗೆ ಕಾಯುತ್ತೇವೆ ಎಂದು ಬರೆದರು. ಈಗ ಬುಧವಾರ ಐದೂವರೆಗೆ ಮಾತಿಗಿಂತ ಮೊದಲು ಡಬ್ಬಿ ಬಿಚ್ಚುತ್ತೇವೆ, ಅದರಲ್ಲಿ ನನಗೂ ಒಂದು ಚಪಾತಿ. ನಾನು ನಿಧಾನವಾಗಿ ತಿನ್ನುವವಳು. ಶರ್ವರಿ ಕಿಟಕಿಯಾಚೆ ಇಳಿಯುವ ಬಿಸಿಲು ನೋಡಿ ನನ್ನನ್ನೇ ಅವಸರಪಡಿಸುತ್ತಾಳೆ.