ಬಾವಿಯ ಹತ್ತಿರದ ಕಾಗದ

"ಕಣ್ಣು ಸರಿಯಾಗಿ ಕಾಣ್ಸಲ್ಲ ಖಾಲಾ. ಮಸೀದಿ ಹಜರತ್ ಹತ್ರ ಓದಿಸ್ಕೊಳ್ಳಿ," ಎಂದ ನಯಾಜ್ ಅಹಮದ್, ಕಾರ್ಖಾನೆಯ ಗೇಟಿನ ಸರಪಳಿಯನ್ನು ಕೈಯಿಂದ ಬಿಡದೆ.

ಗುಬ್ಬಿಯಿಂದ ಎರಡು ಬಸ್ಸು ಹಿಡಿದು ಸತ್ಯಮಂಗಲಕ್ಕೆ ಬಂದಿದ್ದ ಹಳೆಯ ನೆರೆಮನೆಯ ಕುಲ್ಸುಂ ಬೀ ಅಷ್ಟಕ್ಕೆಲ್ಲ ಜಗ್ಗುವ ಹೆಂಗಸಲ್ಲ. ಅವನ ಕಾವಲಿನ ಸ್ಟೂಲನ್ನು ಎಳೆದುಕೊಂಡು ಕೂತೇಬಿಟ್ಟಳು.

"ಲಾರಿ ನಂಬರ್ ಬರ್ಕೊಳ್ಳೋಕೆ ಕಾಣೋ ಕಣ್ಣು ನನ್ ಮಗನ ಉರ್ದು ಕಾಗದಕ್ಕೆ ಕಾಣಲ್ವಾ? ನಾಲ್ಕು ತಿಂಗಳಾಯ್ತು, ರಿಯಾದ್‌ನಿಂದ ಸುದ್ದಿ ಇಲ್ಲ. ಕಟ್ಟಡದ ಮೇಲಿಂದ ಬಿದ್ನಂತೆ ಅಂತ ಯಾರೋ ಅಂದ್ರು. ಈಗ ಈ ಲಕೋಟೆ ಬಂದಿದೆ, ಮೇಲಿನ ಅಕ್ಷರ ಅವನದೇನಾ ಅಂತ್ಲೂ ನಂಗೆ ಗೊತ್ತಾಗಲ್ಲ. ಹಜರತ್ ಓದಿದ್ರೆ ಊರೇ ಓದ್ದಂಗೆ. ಕೆಟ್ಟದಿದ್ರೆ ಮೊದ್ಲು ನಾನೊಬ್ಳೇ ಕೇಳ್ಬೇಕು."

ಎಪ್ಪತ್ತೊಂದರ ಯುದ್ಧಕ್ಕೆ ಹೋಗುವಾಗ ನಯಾಜನಿಗೆ ಇಪ್ಪತ್ತು ವರ್ಷ. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ರುದ್ರಯ್ಯನವರು ಹಾರ ಹಾಕಿದ್ದರು. ಇಡೀ ದೇಶವನ್ನು ತಾನೊಬ್ಬನೇ ಕಾಯುವವನ ಗತ್ತಿನಲ್ಲಿ ಅವನೂ ಬಸ್ಸು ಹತ್ತಿದ್ದ. ಗಡಿಯಲ್ಲಿ ಕೆಲಸಕ್ಕೆ ಬಂದದ್ದು ಅವನ ಬಂದೂಕಿಗಿಂತ ಹೆಚ್ಚಾಗಿ ಉರ್ದು ಶಾಲೆಯಲ್ಲಿ ಕಲಿತ ಅಕ್ಷರ. ಸತ್ತ ಶತ್ರು ಸೈನಿಕರ ಜೇಬಿನಿಂದ ತೆಗೆದ ಕಾಗದಗಳನ್ನು ಕ್ಯಾಪ್ಟನ್ ಸಾಹೇಬರಿಗೆ ಓದಿ ಹೇಳುವ ಕೆಲಸ ಅವನ ಪಾಲಿಗೆ ಬಂತು. ಆ ತುಕಡಿಯಲ್ಲಿ ಉರ್ದು ಓದಲು ಬರುತ್ತಿದ್ದವನು ಅವನೊಬ್ಬನೇ. ಊರಿಗೆ ಮರಳಿದ ಮೇಲೆ ಉರ್ದು ಕಾಗದ ಕಂಡರೆ ಸಾಕು, ಮುಖ ತಿರುಗಿಸುತ್ತಿದ್ದ. ಮದುವೆಯ ಕರೆಯೋಲೆಯನ್ನೂ ಹೆಂಡತಿ ಅಖ್ತರ್ ಬಾನುವೇ ಓದಬೇಕು. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಕುಲ್ಸುಂ ಬೀ ಲಕೋಟೆಯನ್ನು ಅವನ ಕೈಗೆ ತುರುಕಿದಳು. ನಯಾಜ್ ಅದನ್ನೇ ನೋಡುತ್ತ ಶುರುಮಾಡಿದ.

"ಅಮ್ಮಿ, ನಾನು ಚೆನ್ನಾಗಿದೀನಿ. ಇಲ್ಲಿ ಚಳಿ ಜಾಸ್ತಿ. ನೀವು ಹೆಣೆದ ಸ್ವೆಟರ್ ಮೈಮೇಲೇ ಇದೆ. ಊರ ಹಿಂದೆ ಬಾವಿ ಹತ್ರ ನಮ್ಮನ್ನ ಇಟ್ಟಿದಾರೆ. ಹನ್ನೆರಡು ಜನ ಇದೀವಿ. ನೀರು ಬಲು ಸಿಹಿ..."

"ನಾನ್ಯಾವತ್ತು ಸ್ವೆಟರ್ ಹೆಣೆದಿದ್ದೆ?"

ಅವಳು ತಲೆಯೆತ್ತಿ ನೋಡಿದಳು. ಅವನ ಕೈಯಲ್ಲಿದ್ದ ಲಕೋಟೆಯನ್ನು ಇನ್ನೂ ಒಡೆದೇ ಇರಲಿಲ್ಲ.

"ಇದು ಯಾರ ಕಾಗದ ಬೇಟಾ?"

ನಯಾಜ್ ಗೇಟಿಗೆ ಒರಗಿ ನೆಲದ ಮೇಲೆ ಕೂತ. ಅವನಿಗೆ ಬಹಳ ನಾಚಿಕೆಯಾಗಿತ್ತು.

"ಯಾವನೋ ಹುಡುಗಂದು. ಪೋಸ್ಟಿಗೆ ಹಾಕೋ ಮುಂಚೇನೇ ಸತ್ತಿದ್ದ. ಸಾಹೇಬ್ರು ಬಾವಿ ಮಾತನ್ನ ಎರಡು ಸಲ ಓದಿಸಿದ್ರು. ಅಷ್ಟು ಸಾಕು ಅಂದ್ರು. ಬೆಳಿಗ್ಗೆ ನಮ್ಮ ಫಿರಂಗಿ ಶೆಲ್ಲು ಅಲ್ಲಿಗೇ ಬಿದ್ವು. ಉಳಿದ ಹನ್ನೊಂದು ಜನಾನೂ ಹೋದ್ರು. ನನ್ ಬೆನ್ನು ತಟ್ಟಿ ಶಾಬಾಸ್ ಅಂದ್ರು, ಖಾಲಾ."

"ಕಾಗದದಲ್ಲಿ ಇನ್ನೂ ಇತ್ತಾ?"

"ಒಂದು ಪುಟ ಇತ್ತು. ಆಮೇಲೆ ನಾನೊಬ್ನೇ ಓದ್ಕೊಂಡೆ."

ಮೂಗು ಒರೆಸಿಕೊಂಡು ಅವನು ಲಕೋಟೆಯ ಅಂಚಿಗೆ ಉಗುರು ಹಾಕಿದ. ಕುಲ್ಸುಂ ಬೀ ಅವನ ಕೈಹಿಡಿದು ತಡೆದಳು.

"ಇರು. ಮೊದ್ಲು ಅವನದು ಮುಗಿಸು. ಆ ತಾಯಿ ಕೇಳೇ ಇಲ್ವಲ್ಲ."

ತನ್ನ ಕಾಗದವನ್ನು ವಾಪಸು ತೆಗೆದುಕೊಂಡು ಮಡಿಲಲ್ಲಿ ಬೋರಲಾಗಿ ಇಟ್ಟಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಲು ಕೂತಳು.